ಯಾವ ತರಗತಿಯ ಮಗುವಿಗೆ ಮೆಂಟರ್? ದಕ್ಷಿಣ ಕೊರಿಯಾದ ಬಹುಸಂಸ್ಕೃತಿ ಕುಟುಂಬಗಳ ಮಕ್ಕಳ ಬಗ್ಗೆ ಒಂದು ಟಿಪ್ಪಣಿ

ದಕ್ಷಿಣ ಕೊರಿಯಾ ಸರ್ಕಾರ ಮೂರು ವರ್ಷಕ್ಕೊಮ್ಮೆ ಬಹುಸಂಸ್ಕೃತಿ ಕುಟುಂಬಗಳ ರಾಷ್ಟ್ರೀಯ ಸಮೀಕ್ಷೆ ನಡೆಸುತ್ತದೆ. 2021ರ ಸಮೀಕ್ಷೆಯಲ್ಲಿ ಮಕ್ಕಳ ಶಾಲಾ ದಾಖಲಾತಿಯ ಅಂಕಿಗಳನ್ನು ಕೆಳಗಿನ ತರಗತಿಯಿಂದ ಓದುತ್ತಾ ಹೋದರೆ ಬಹಳ ದೂರದವರೆಗೆ ವಿಶೇಷವೇನೂ ಕಾಣುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಈ ಕುಟುಂಬಗಳ ಮಕ್ಕಳ ದಾಖಲಾತಿ ಶೇ. 95.3, ದೇಶದ ಎಲ್ಲ ಮಕ್ಕಳನ್ನು ತೆಗೆದುಕೊಂಡರೆ ಶೇ. 98.4. ಮಾಧ್ಯಮಿಕ ಶಾಲೆಯಲ್ಲಿ ಇದು 95.7 ಮತ್ತು 97.9, ಹೈಸ್ಕೂಲಿನಲ್ಲಿ 94.5 ಮತ್ತು 96.1. ಇನ್ನೊಂದು ಮೆಟ್ಟಿಲು ಮೇಲೆ, ಕಾಲೇಜು ಮತ್ತು ವಿಶ್ವವಿದ್ಯಾಲಯದ ಹಂತದಲ್ಲಿ, 40.5 ಮತ್ತು 71.5. ಹನ್ನೆರಡು ವರ್ಷ ಹೆಚ್ಚುಕಡಿಮೆ ಜೊತೆಯಲ್ಲೇ ನಡೆದುಬಂದವರ ನಡುವೆ ಹದಿನೆಂಟರ ವಯಸ್ಸಿಗೆ ಒಮ್ಮೆಲೇ ಶೇಕಡಾ 31 ಅಂಶಗಳ ಅಂತರ ಬೀಳುತ್ತದೆ.

ಇದೇ ಮಕ್ಕಳಿಗೆ ನೆರವಾಗಲೆಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಮೆಂಟರ್‌ಗಳಾಗಿ ಕಳಿಸುವ ಸರ್ಕಾರಿ ಯೋಜನೆಯೊಂದು ಅಲ್ಲಿ 2009ರಿಂದ ನಡೆದುಬಂದಿದೆ. ಯೋಜನೆಯನ್ನು ಹೊಗಳುವ ಬರಹಗಳು ಬೇಕಾದಷ್ಟಿವೆ. ಅದು ಕೆಲಸ ಮಾಡುತ್ತದೆಯೇ ಎಂದು ಕೇಳುವವರೂ ಇದ್ದಾರೆ. ಅದಕ್ಕಿಂತ ಕಿರಿದಾದ ಒಂದು ಪ್ರಶ್ನೆಯಷ್ಟೇ ಈ ಟಿಪ್ಪಣಿಯದು: ಅಂತರ ಬೀಳುವ ಜಾಗ ಮತ್ತು ಮೆಂಟರ್ ನಿಂತಿರುವ ಜಾಗ ಒಂದೇ ಆಗಿವೆಯೇ? ಆಗಿಲ್ಲ ಎಂಬುದು ನನ್ನ ವಾದ. ಇದಕ್ಕೆ ಕಾರಣ ಮಕ್ಕಳ ಅಗತ್ಯಕ್ಕಿಂತ ಹೆಚ್ಚಾಗಿ, ಮೆಂಟರ್‌ಗಳು ಎಲ್ಲಿಂದ ಬಂದರು ಎಂಬುದರಲ್ಲಿದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2005ರಲ್ಲಿ ಕೊರಿಯಾದಲ್ಲಿ ನಡೆದ ಮದುವೆಗಳಲ್ಲಿ ಶೇ. 13ಕ್ಕೂ ಹೆಚ್ಚು ವಿದೇಶಿ ಸಂಗಾತಿಯೊಂದಿಗೆ ಆದವು. ಹಳ್ಳಿಯಲ್ಲೇ ಉಳಿದ ಗಂಡಸರಿಗೆ ಹೆಣ್ಣು ಸಿಗುತ್ತಿರಲಿಲ್ಲ; ದಲ್ಲಾಳಿಗಳ ಮೂಲಕ ವಿಯೆಟ್ನಾಂ, ಚೀನಾ, ಫಿಲಿಪ್ಪೀನ್ಸ್‌ನಿಂದ ವಧುಗಳು ಬಂದರು. (ಉತ್ತರ ಕನ್ನಡ, ಶಿವಮೊಗ್ಗದ ಅಡಿಕೆ ತೋಟದ ಮನೆಗಳಲ್ಲಿ ಮದುವೆಯಾಗದೆ ಉಳಿದ ಗಂಡುಗಳ ಮಾತು ಕೇಳಿದ ಓದುಗರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು.) 2006ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನಾಗಿ ಹೈನ್ಸ್ ವಾರ್ಡ್ ಆಯ್ಕೆಯಾದ. ತಂದೆ ಆಫ್ರಿಕನ್ ಅಮೆರಿಕನ್, ತಾಯಿ ಕೊರಿಯಾದವಳು. ಏಪ್ರಿಲ್‌ನಲ್ಲಿ ಅವನು ತಾಯಿಯೊಂದಿಗೆ ಸೋಲ್‌ಗೆ ಬಂದಾಗ, ಮಿಶ್ರ ರಕ್ತದ ಮಕ್ಕಳನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬ ಚರ್ಚೆ ಪತ್ರಿಕೆಗಳ ಮುಖಪುಟಕ್ಕೇರಿತು. ಶಿಕ್ಷಣ ಸಚಿವಾಲಯ ಈ ಮಕ್ಕಳಿಗಾಗಿ ಮೊದಲ ಕಾರ್ಯಯೋಜನೆ ಪ್ರಕಟಿಸಿದ್ದೂ ಅದೇ ವರ್ಷ. ಬಹುಸಂಸ್ಕೃತಿ ಕುಟುಂಬಗಳ ನೆರವಿನ ಕಾಯ್ದೆ 2008ರಲ್ಲಿ ಬಂತು. 2006ರಲ್ಲಿ ಹತ್ತು ಸಾವಿರಕ್ಕೂ ಕಡಿಮೆಯಿದ್ದ ಇಂಥ ವಿದ್ಯಾರ್ಥಿಗಳು 2012ಕ್ಕೆ 46,954 ಆದರು. 2024ಕ್ಕೆ 1,93,814, ಅಂದರೆ ಶಾಲಾ ಮಕ್ಕಳಲ್ಲಿ ಶೇ. 3.8. ಒಟ್ಟು ಶಾಲಾ ಮಕ್ಕಳ ಸಂಖ್ಯೆ ವರ್ಷವರ್ಷ ಇಳಿಯುತ್ತಿರುವ ದೇಶದಲ್ಲಿ ಏರುತ್ತಿರುವ ಗುಂಪು ಇದು.

ಮೆಂಟರ್ ಯೋಜನೆಗೆ ಒಂದು ಪೂರ್ವರಂಗವಿದೆ. 2006ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಕ್ಕಪಕ್ಕದ ಗ್ವಾನಾಕ್ ಮತ್ತು ದೊಂಗ್‌ಜಾಕ್ ಪ್ರದೇಶಗಳ ಬಡ ಮಕ್ಕಳಿಗೆ ಪಾಠ ಹೇಳುವ ಪ್ರಯೋಗ ನಡೆಯಿತು. ಅದರಲ್ಲಿ ಗಮನ ಬಡತನದ ಮೇಲಿತ್ತು. ಮೂರು ವರ್ಷದ ನಂತರ ಅದೇ ಮಾದರಿಯನ್ನು ವಲಸೆ ಹಿನ್ನೆಲೆಯ ಮಕ್ಕಳಿಗೆ ಹೊಂದಿಸುವಾಗ ಸಚಿವಾಲಯ ಮೊದಲು ನೋಡಿದ್ದು ಶಿಕ್ಷಕರನ್ನು ತಯಾರಿಸುವ ವಿಶ್ವವಿದ್ಯಾಲಯಗಳ ಕಡೆಗೆ. ಇದು ಸಹಜವಾದ ಆಯ್ಕೆಯೇ. ಸೋಲ್, ಗ್ಯೊಂಗಿನ್, ಛುನ್‌ಛನ್, ಜಂಜು, ದೇಗು, ಬುಸಾನ್, ಜಿಂಜು ಎಂದು ದೇಶದುದ್ದಕ್ಕೂ ಇಂಥ ಹತ್ತು ರಾಷ್ಟ್ರೀಯ ವಿಶ್ವವಿದ್ಯಾಲಯಗಳಿವೆ. ಅಲ್ಲಿನ ವಿದ್ಯಾರ್ಥಿಗಳಿಗೆ ಮಕ್ಕಳೊಂದಿಗೆ ಕೂರುವ ಅಭ್ಯಾಸ ಹೇಗೂ ಬೇಕು. ಶಿಕ್ಷಕರ ಅರ್ಹತಾಪತ್ರಕ್ಕೆ 60 ಗಂಟೆಗಳ ಶೈಕ್ಷಣಿಕ ಸೇವೆಯನ್ನೂ ತೋರಿಸಬೇಕು. ಇದರ ಮೇಲೆ ಕೊರಿಯಾ ವಿದ್ಯಾರ್ಥಿ ನೆರವು ಪ್ರತಿಷ್ಠಾನ ಗಂಟೆಯ ಲೆಕ್ಕದಲ್ಲಿ ವಿದ್ಯಾರ್ಥಿವೇತನ ಕೊಡುತ್ತದೆ. ಮಗುವಿಗೆ ಪಾಠ, ವಿದ್ಯಾರ್ಥಿಗೆ ಶುಲ್ಕದ ನೆರವು, ನಾಳಿನ ಶಿಕ್ಷಕನಿಗೆ ಅನುಭವ. ಕಾಗದದ ಮೇಲೆ ಎಲ್ಲರಿಗೂ ಲಾಭವೇ.

ಆದರೆ ಈ ಹತ್ತೂ ವಿಶ್ವವಿದ್ಯಾಲಯಗಳು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಮಾತ್ರ ತಯಾರಿಸುವಂಥವು. ಮಾಧ್ಯಮಿಕ ಮತ್ತು ಹೈಸ್ಕೂಲಿನ ಶಿಕ್ಷಕರು ಬೇರೆ ವಿಶ್ವವಿದ್ಯಾಲಯಗಳ ಶಿಕ್ಷಣ ವಿಭಾಗಗಳಿಂದ ಬರುತ್ತಾರೆ. 2012ರಲ್ಲಿ ಈ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಾಥಮಿಕ ಶಾಲೆಯಲ್ಲೇ ಇದ್ದುದರಿಂದ ಯಾರಿಗೂ ಇದು ಕೊರತೆಯಾಗಿ ಕಾಣಲಿಲ್ಲ. ಕಾಲಕ್ರಮದಲ್ಲಿ ಇತರ ವಿಶ್ವವಿದ್ಯಾಲಯಗಳೂ ಸೇರಿಕೊಂಡವು, ಮೇಲಿನ ತರಗತಿಗಳಿಗೂ ಬಾಗಿಲು ತೆರೆಯಿತು. ಮಕ್ಕಳೂ ಬೆಳೆದರು, ಪ್ರಾಥಮಿಕ ಶಾಲೆಯ ಪಾಲು 2024ಕ್ಕೆ ಸುಮಾರು ಶೇ. 60ಕ್ಕೆ ಇಳಿದಿದೆ. ಆದರೂ ಮೆಂಟರ್ ಎಂದರೆ ಶಾಲೆ ಬಿಟ್ಟ ಮೇಲೆ ಚಿಕ್ಕ ಮಗುವಿನ ಪಕ್ಕ ಕೂತು ಓದಿಸುವವರು ಎಂಬ ಮೊದಲಿನ ಅಚ್ಚು ಗಟ್ಟಿಯಾಗಿಯೇ ಉಳಿದಿದೆ ಎಂದು ನನಗನಿಸುತ್ತದೆ.

ಆ ಪಕ್ಕ ಕೂರುವ ಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಕೊರಿಯಾದ ಪ್ರಾಥಮಿಕ ಶಾಲೆಯಲ್ಲಿ ಮಗು ದಿನಾ ‘ಅಲ್ಲಿಮ್‌ಜಾಂಗ್’ ಎಂಬ ಸಣ್ಣ ನೋಟುಬುಕ್ಕಿನಲ್ಲಿ ನಾಳೆ ತರಬೇಕಾದದ್ದನ್ನು ಬರೆದುಕೊಳ್ಳುತ್ತದೆ. ಖಾಲಿ ಹಾಲಿನ ಪೊಟ್ಟಣ ಎರಡು, ಕತ್ತರಿ, ಪೋಷಕರ ಸಹಿ ಹಾಕಿದ ಒಪ್ಪಿಗೆಪತ್ರ: ಇಂಥವು. ಇತ್ತೀಚೆಗೆ ಎಷ್ಟೋ ಕಡೆ ಇದು ಮೊಬೈಲಿಗೇ ಬರುತ್ತದೆ. ಕೊರಿಯನ್ ಮಾತಾಡಲು ಬಂದರೂ ಶಾಲೆಯ ಕಾಗದದ ಭಾಷೆ ಹತ್ತದ ತಾಯಿಗೆ ಹಾಲಿನ ಪೊಟ್ಟಣ ಯಾಕೆ ಎಂದು ತಿಳಿಯುವುದಿಲ್ಲ. ಮಗು ಬರಿಗೈಯಲ್ಲಿ ಹೋಗುತ್ತದೆ. ಕರಕುಶಲ ತರಗತಿಯಲ್ಲಿ ಸುಮ್ಮನೆ ಕೂರುತ್ತದೆ. ಮೆಂಟರ್ ಮೊದಲು ಬಿಚ್ಚಿಸುವುದು ಪಠ್ಯಪುಸ್ತಕವನ್ನಲ್ಲ, ಈ ನೋಟುಬುಕ್ಕನ್ನು. ಆಮೇಲೆ ಗಣಿತ. ಅಲ್ಲೂ ತೊಡಕು ಲೆಕ್ಕದಲ್ಲಿರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಸರಿಯಾಗಿ ಎಣಿಸಿಕೊಂಡು ಬರುವ ಮಗು, ಚೀನೀ ಮೂಲದ ‘ಬುನ್‌ಮೊ’, ‘ಬುಂಜಾ’ ಎಂಬ ಪದಗಳ ಮುಂದೆ ನಿಂತುಬಿಡುತ್ತದೆ. ಮನೆಯಲ್ಲಿ ಯಾರೂ ಆಡದ ಛೇದ, ಅಂಶಗಳ ಮುಂದೆ ನಮ್ಮ ಮಕ್ಕಳು ನಿಲ್ಲುವುದೂ ಹೀಗೆಯೇ. ಆದರೆ ನಮ್ಮಲ್ಲಿ ಅಕ್ಕನೋ ಚಿಕ್ಕಪ್ಪನೋ ಯಾರಾದರೊಬ್ಬರು ಆ ಪಾಠ ಓದಿ ಮುಗಿಸಿರುತ್ತಾರೆ. ವಿಯೆಟ್ನಾಮಿನಿಂದ ಬಂದ ತಾಯಿಯ ಮನೆಯಲ್ಲಿ ಹಾಗೆ ಓದಿದ ಚಿಕ್ಕಮ್ಮ ಇರುವುದು ಸಾವಿರಾರು ಮೈಲಿ ಆಚೆ, ಇನ್ನೊಂದು ಭಾಷೆಯಲ್ಲಿ.

ಹಾಗಾಗಿ ಪ್ರಾಥಮಿಕ ಹಂತದ ಮೆಂಟರ್ ಬೇಡ ಎನ್ನುವುದು ನನ್ನ ವಾದವಲ್ಲ. ಆ ಹಂತದಲ್ಲಿ ಸಿಕ್ಕಿದ್ದು ಮುಂದಕ್ಕೆ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ. ಇದಕ್ಕೆ ಹೊರಗಿನ ಸಂಶೋಧನೆಗಳಿಂದ ಸ್ವಲ್ಪ ಬೆಳಕು ಸಿಗುತ್ತದೆ.

ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಯ ದತ್ತಾಂಶವನ್ನು ಮರುಪರಿಶೀಲಿಸಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜೋಡಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಗುವಿನ ಆತ್ಮವಿಶ್ವಾಸ ಮೊದಲಿಗಿಂತ ಕುಸಿದಿತ್ತು. ಅದೇ ಸಂಸ್ಥೆಯ ಶಾಲೆಯೊಳಗಿನ ಮೆಂಟರ್ ಕಾರ್ಯಕ್ರಮದ ಬಗ್ಗೆ ಕಾರ್ಲಾ ಹೆರೆರಾ ಮತ್ತು ಸಂಗಡಿಗರು 2007ರಲ್ಲಿ ವರದಿ ಕೊಟ್ಟರು. 1,139 ಮಕ್ಕಳ ಆ ಅಧ್ಯಯನದಲ್ಲಿ ಮೊದಲ ವರ್ಷದ ಕೊನೆಗೆ ಓದಿನಲ್ಲಿ ಸುಧಾರಣೆ ಕಂಡಿತ್ತು, ಎರಡನೆಯ ವರ್ಷದಲ್ಲಿ ಅದರ ಬಹುಪಾಲು ಉಳಿಯಲಿಲ್ಲ. ಶಾಲೆಯ ಕ್ಯಾಲೆಂಡರಿಗೆ ಕಟ್ಟಿಹಾಕಿದ ಜೋಡಿಗಳು ಅಲ್ಪಾಯುಷಿಗಳು ಎಂಬುದು ಅವರಿಗೂ ಕಂಡಿತ್ತು. ಕೊರಿಯಾದ ಯೋಜನೆಯೂ ಸೆಮಿಸ್ಟರಿನ ಗಡಿಯಾರಕ್ಕೇ ನಡೆಯುತ್ತದೆ. ಮಾರ್ಚಿನಲ್ಲಿ ಒಂದು ಸೆಮಿಸ್ಟರ್ ಶುರು, ಸೆಪ್ಟೆಂಬರಿನಲ್ಲಿ ಇನ್ನೊಂದು. ಮುಂದಿನ ಸೆಮಿಸ್ಟರಿನಲ್ಲಿ ಮೆಂಟರ್‌ಗೆ ಬೋಧನಾ ಅಭ್ಯಾಸ ಬರಬಹುದು, ಹುಡುಗನಾದರೆ ಕಡ್ಡಾಯ ಸೇನಾ ಸೇವೆಯ ಕರೆ ಬರಬಹುದು. ಎಷ್ಟು ಗಂಟೆ ಕೆಲಸವಾಯಿತು ಎಂಬುದು ಹಾಜರಿ ಪಟ್ಟಿಯಲ್ಲಿ ಕರಾರುವಾಕ್ಕಾಗಿ ದಾಖಲಾಗುತ್ತದೆ, ಏಕೆಂದರೆ ಹಣ ಸಂದಾಯವಾಗುವುದು ಗಂಟೆಗೆ. ನಮ್ಮ ಎನ್ನೆಸ್ಸೆಸ್ ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆ ತುಂಬಿಸುವ ಬಗೆ ಬಲ್ಲವರಿಗೆ ಗಂಟೆಯ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ವಿವರಿಸಬೇಕಿಲ್ಲ.

ಇಲ್ಲಿ ಯುರೋಪಿನ ಒಂದು ವಂಶಾವಳಿಯನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. 1974ರಲ್ಲಿ ಇಸ್ರೇಲಿನ ರೆಹೊವೊತ್‌ನಲ್ಲಿ, ವೈಜ್‌ಮನ್ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ‘ಪೆರಾಖ್’ ಎಂಬ ಯೋಜನೆ ಹುಟ್ಟಿತು. ವಿದ್ಯಾರ್ಥಿ ಒಂದು ಮಗುವಿನ ಜೊತೆ ವಾರಕ್ಕೆ ಕೆಲವು ಗಂಟೆ ಕಳೆಯುವುದು, ಪ್ರತಿಯಾಗಿ ಶುಲ್ಕದ ಒಂದು ಭಾಗ ಮನ್ನಾ. ಕೊರಿಯಾದ ಗಂಟೆ ಲೆಕ್ಕದ ವಿದ್ಯಾರ್ಥಿವೇತನದಲ್ಲೂ ಇದೇ ತರ್ಕವಿದೆ. ಅದನ್ನು ನೋಡಿ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ 1997ರಲ್ಲಿ ‘ನೈಟಿಂಗೇಲ್’ ಯೋಜನೆ ಶುರುವಾಯಿತು. ಮಾಲ್ಮೊ ವಲಸಿಗರ ನಗರ. ಎಂಟರಿಂದ ಹನ್ನೆರಡು ವರ್ಷದ ಮಗು ಮತ್ತು ಶಿಕ್ಷಕ ತರಬೇತಿಯ ವಿದ್ಯಾರ್ಥಿ ಅಕ್ಟೋಬರಿನಿಂದ ಮೇ ತನಕ ವಾರಕ್ಕೊಮ್ಮೆ ಸೇರುತ್ತಾರೆ. ಮ್ಯೂಸಿಯಂಗೆ, ಗ್ರಂಥಾಲಯಕ್ಕೆ, ಈಜಲು, ವಿಶ್ವವಿದ್ಯಾಲಯದ ಕ್ಯಾಂಟೀನಿಗೆ ಹೋಗುತ್ತಾರೆ. ಮನೆಯಲ್ಲಿ ಅಡುಗೆ ಮಾಡುತ್ತಾರೆ. ಹೋಮ್‌ವರ್ಕ್ ಮಾಡಿಸುವುದು ಅಲ್ಲಿ ಉದ್ದೇಶವೇ ಅಲ್ಲ. ಯೋಜನೆ ಮುಂದೆ ನಾರ್ವೆ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಿಗೂ ಕಾಟಲೋನಿಯಾದ ಜಿರೋನಾ ವಿಶ್ವವಿದ್ಯಾಲಯಕ್ಕೂ ಹಬ್ಬಿತು. ಜಿರೋನಾದಲ್ಲಿ ಕಾಟಲಾನ್ ಭಾಷೆಯ ರೂಢಿಯೂ ಉದ್ದೇಶಗಳಲ್ಲೊಂದಾಯಿತು. ನಾರ್ವೆಯಲ್ಲಿ ಮಕ್ಕಳ ಕಲ್ಯಾಣ ಓದುವವರು ಮೆಂಟರ್‌ಗಳಾದರು. ಮೆಂಟರ್‌ಗಳು ಯಾವ ವಿಭಾಗದಿಂದ ಬರುತ್ತಾರೋ ಯೋಜನೆ ಆ ಆಕಾರ ತಳೆಯುತ್ತದೆ ಎಂಬುದಕ್ಕೆ ಇದು ಕೊರಿಯಾದ ಹೊರಗಿನ ಸಾಕ್ಷಿ.

ಸುತ್ತಾಡುವುದರಿಂದ ಓದು ಬಂತೇ ಎಂದು ಕೊರಿಯಾದ ಪೋಷಕರು ಕೇಳಿಯೇ ಕೇಳುತ್ತಾರೆ. ಜರ್ಮನಿಯಲ್ಲಿ ಇದಕ್ಕೊಂದು ಗಟ್ಟಿ ಉತ್ತರವಿದೆ. ಅಲ್ಲಿನ ‘ಬಾಲು ಉಂಡ್ ಡು’ ಎಂಬ ಯೋಜನೆಯಲ್ಲೂ ಬಹುಪಾಲು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಪ್ರಾಥಮಿಕ ಶಾಲೆಯ ಮಗುವಿನ ಜೊತೆ ಸುಮಾರು ಒಂದು ವರ್ಷ ವಾರಕ್ಕೊಮ್ಮೆ ಕಾಲ ಕಳೆಯುತ್ತಾರೆ, ಪಾಠ ಹೇಳುವುದಿಲ್ಲ. ಆರ್ಮಿನ್ ಫಾಲ್ಕ್, ಫಾಬಿಯನ್ ಕೊಸೆ ಮತ್ತು ಪಿಯಾ ಪಿಂಗರ್ ಅವರು ಚೀಟಿ ಎತ್ತಿ ಆರಿಸಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಮೆಂಟರ್ ಸಿಕ್ಕ ಬಡ ಮನೆಯ ಮಕ್ಕಳು ವಿಶ್ವವಿದ್ಯಾಲಯದ ದಾರಿಯಾದ ಗಿಮ್ನಾಜಿಯಂ ಸೇರುವ ಸಾಧ್ಯತೆ ಸುಮಾರು ಶೇಕಡಾ 11 ಅಂಶಗಳಷ್ಟು ಹೆಚ್ಚಿತ್ತು. ಇದನ್ನು ಓದಿದಾಗ ನನ್ನ ವಾದಕ್ಕೆ ಇದು ಎದುರು ಸಾಕ್ಷಿಯಲ್ಲವೇ ಎಂದು ಮೊದಲು ಅನಿಸುತ್ತದೆ: ಚಿಕ್ಕ ತರಗತಿಯ ಮೆಂಟರ್ ದೂರದವರೆಗೆ ಕೆಲಸ ಮಾಡಿದನಲ್ಲ! ಆದರೆ ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುವುದು ನಾಲ್ಕನೆಯ ತರಗತಿ ಮುಗಿದಾಗ, ಹತ್ತರ ವಯಸ್ಸಿನಲ್ಲಿ. ಏಳೆಂಟು ವರ್ಷದ ಮಗುವಿಗೆ ಸಿಕ್ಕ ಮೆಂಟರ್ ಆ ಕವಲಿನ ಹೊಸ್ತಿಲಲ್ಲೇ ನಿಂತಿರುತ್ತಾನೆ.

ಅದೇ ದೇಶದ ‘ರಾಕ್ ಯುವರ್ ಲೈಫ್’ ಯೋಜನೆಯಲ್ಲಿ ಜಾಗ ಬೇರೆ, ತತ್ವ ಒಂದೇ. ಇದು ಹಿಂದುಳಿದ ಶಾಲೆಗಳ ಎಂಟು, ಒಂಬತ್ತನೆಯ ತರಗತಿಯವರಿಗೆ. ಅವರ ಮುಂದಿರುವ ಕವಲು ಶಾಲೆ ಮುಗಿಸಿ ವೃತ್ತಿ ತರಬೇತಿಗೆ ಸೇರುವುದು. ಹತ್ತು ನಗರಗಳಲ್ಲಿ 308 ಹದಿಹರೆಯದವರ ಮೇಲೆ ನಡೆದ ಪ್ರಯೋಗದಲ್ಲಿ ಗಣಿತದ ಅಂಕ, ತಾಳ್ಮೆ ಮತ್ತು ಸಾಮಾಜಿಕ ಕೌಶಲ, ಉದ್ಯೋಗದ ಕಡೆಗಿನ ಒಲವು ಇವನ್ನು ಸೇರಿಸಿದ ಸೂಚ್ಯಂಕ ತೀರ ಹಿಂದುಳಿದ ಮನೆಗಳವರಲ್ಲಿ ಗಣನೀಯವಾಗಿ ಏರಿತು. ಅಷ್ಟೇನೂ ಹಿಂದುಳಿಯದ ಮನೆಗಳವರಿಗೆ ಏನೂ ಲಾಭವಾಗಲಿಲ್ಲ. ಈ ಎರಡನೆಯ ಫಲಿತಾಂಶವನ್ನು ಕೊರಿಯಾದಲ್ಲಿ ಗಂಭೀರವಾಗಿ ಓದಬೇಕು. ಅಲ್ಲಿ ‘ಬಹುಸಂಸ್ಕೃತಿ ಮಗು’ ಎಂಬುದು ಕಾನೂನಿನ ವರ್ಗ; ಸೋಲ್‌ನಲ್ಲಿ ಕೆಲಸದಲ್ಲಿರುವ ಜಪಾನಿ ತಾಯಿಯ ಮಗುವೂ, ಜಲ್ಲಾ ಪ್ರಾಂತ್ಯದ ಹಳ್ಳಿಯ ವಿಯೆಟ್ನಾಮಿ ತಾಯಿಯ ಮಗುವೂ, ಹದಿಮೂರರ ವಯಸ್ಸಿನಲ್ಲಿ ಚೀನಾದಿಂದ ತಾಯಿಯ ಹಿಂದೆ ಬಂದ ಹುಡುಗನೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಮೊದಲನೆಯವರಿಗೆ ಮೆಂಟರ್ ಬೇಕಿಲ್ಲ. ತರಗತಿಯ ಎದುರು ಹೆಸರು ಕೂಗಿ ಕರೆದರೆ ಮುಜುಗರ ಮಾತ್ರ. ಮೂರನೆಯವನಿಗೆ ವಾರದ ಕೆಲವು ಗಂಟೆ ಸಾಲದು. ಅವನಿಗೆ ಬೇಕಾದದ್ದು ಭಾಷೆಯ ತೀವ್ರ ತರಗತಿ. 2013ರಲ್ಲಿ ತೆರೆದ ಇಂಚೊನ್ ಹನ್ನೂರಿ ಶಾಲೆಯಂಥ ವಸತಿ ಸೌಲಭ್ಯದ ಸರ್ಕಾರಿ ಶಾಲೆಗಳು ಹುಟ್ಟಿದ್ದು ಇಂಥವರಿಗಾಗಿ. ಮೆಂಟರ್ ಯೋಜನೆಯಿಂದ ನಿಜವಾಗಿ ಏನಾದರೂ ಆಗಬಹುದಾದದ್ದು ನಡುವಿನ ಮಗುವಿಗೆ: ಕೊರಿಯಾದಲ್ಲೇ ಹುಟ್ಟಿ, ಕೊರಿಯನ್ನನ್ನೇ ಮಾತಾಡುತ್ತ, ಮನೆಯಲ್ಲಿ ದಾರಿ ಹೇಳುವವರಿಲ್ಲದೆ ಬೆಳೆಯುವ ಮಗುವಿಗೆ.

ಕೊರಿಯಾದಲ್ಲಿ ಹತ್ತರ ವಯಸ್ಸಿನ ವಿಂಗಡಣೆ ಇಲ್ಲ. ಮೊದಲ ಕವಲು ಬರುವುದು ಮಾಧ್ಯಮಿಕ ಶಾಲೆಯ ಮೂರನೆಯ ವರ್ಷದಲ್ಲಿ, ಹದಿನೈದಕ್ಕೆ: ಸಾಮಾನ್ಯ ಹೈಸ್ಕೂಲೋ, ವೃತ್ತಿಪರ ಹೈಸ್ಕೂಲೋ. ಎರಡನೆಯದು ಹದಿನೆಂಟಕ್ಕೆ. ಆಗಲೂ ನವೆಂಬರಿನ ಸುನಂಗ್ ಎಂಬ ಕಾಲೇಜು ಪ್ರವೇಶ ಪರೀಕ್ಷೆಯೊಂದೇ ಅಲ್ಲ; ಅದಕ್ಕೂ ಮೊದಲೇ, ಸೆಪ್ಟೆಂಬರಿನಲ್ಲಿ, ಶಾಲಾ ದಾಖಲೆಯ ಆಧಾರದ ಮೇಲೆ ‘ಸುಸಿ’ ಪ್ರವೇಶಕ್ಕೆ ಅರ್ಜಿ ಹಾಕಬೇಕು. ಯಾವ ವಿಶ್ವವಿದ್ಯಾಲಯ ಏನು ನೋಡುತ್ತದೆ, ಬಹುಸಂಸ್ಕೃತಿ ಕುಟುಂಬದವರಿಗೆ ಎಲ್ಲಿ ಪ್ರತ್ಯೇಕ ಸೀಟುಗಳಿವೆ, ಎರಡು ವರ್ಷ ಮೊದಲೇ ದಾಖಲೆಯಲ್ಲಿ ಏನಿರಬೇಕು ಎಂಬುದೆಲ್ಲ ಕೊರಿಯಾದ ತಾಯಂದಿರ ನಡುವೆ ಬಾಯಿಂದ ಬಾಯಿಗೆ ಸಾಗುವ ವಿದ್ಯೆ. ಹಾಗ್‌ವೊನ್ ಎನ್ನುವ ಖಾಸಗಿ ಟ್ಯೂಷನ್ ಕೇಂದ್ರಗಳೂ ಇದನ್ನು ಮಾರುತ್ತವೆ. 2023ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಕ್ಕೆ ಕೊರಿಯನ್ನರು ಮಾಡಿದ ವೆಚ್ಚ 27.1 ಲಕ್ಷ ಕೋಟಿ ವೊನ್. ಆ ಪ್ರವಾಹದ ಎದುರು ವಾರಕ್ಕೆ ಕೆಲವು ಗಂಟೆ ಇಂಗ್ಲಿಷ್, ಗಣಿತ ಹೇಳಿಕೊಡುವ ವಿದ್ಯಾರ್ಥಿ ಬಡವರ ಹಾಗ್‌ವೊನ್ ಆಗಲು ಹೊರಟರೆ ಸೋಲು ಖಚಿತ. ಆದರೆ ಅವಳ ಬಳಿ ಹಾಗ್‌ವೊನ್ ಪುಕ್ಕಟೆ ಕೊಡದ ಒಂದು ಸರಕಿದೆ: ನಿನ್ನೆಮೊನ್ನೆ ತಾನೇ ಆ ಅರ್ಜಿಗಳನ್ನು ತುಂಬಿ ದಾಟಿಬಂದ ಅನುಭವ. ಅದು ಮೂರನೆಯ ತರಗತಿಯ ಮಗುವಿಗೆ ಉಪಯೋಗಕ್ಕೆ ಬರುವುದಿಲ್ಲ. ಹದಿನೈದರ ಹುಡುಗಿಗೂ ಅವಳ ತಾಯಿಗೂ ಬರುತ್ತದೆ.

ಮಾಹಿತಿಯ ಕೊರತೆ ಎಷ್ಟು ಮುಖ್ಯ ಎಂಬುದಕ್ಕೆ ಇಟಲಿಯ ಅಧ್ಯಯನವೊಂದನ್ನು ತರಬಹುದು. ಮಿಕೇಲಾ ಕಾರ್ಲಾನಾ, ಎಲಿಯಾನಾ ಲಾ ಫೆರಾರಾ ಮತ್ತು ಪಾವೊಲೊ ಪಿನೊಟ್ಟಿ 2022ರಲ್ಲಿ ಪ್ರಕಟಿಸಿದ್ದು ಅದು. ಉತ್ತರ ಇಟಲಿಯ ನಗರಗಳಲ್ಲಿ, ಓದಿನಲ್ಲಿ ಮುಂದಿದ್ದ ವಲಸೆ ಮಕ್ಕಳಿಗೆ ಹೈಸ್ಕೂಲಿನ ಆಯ್ಕೆಗೆ ಮೊದಲು ಸಲಹೆ ಮತ್ತು ಪಾಠದ ನೆರವು ಕೊಟ್ಟಾಗ, ಹುಡುಗರು ತಮ್ಮ ಯೋಗ್ಯತೆಗಿಂತ ಕೆಳಗಿನ ಶಾಲೆಗಳನ್ನು ಆರಿಸಿಕೊಳ್ಳುವುದು ನಿಂತಿತು. ಅಷ್ಟೇ ಅಂಕ ಪಡೆದ ಇಟಲಿಯ ಹುಡುಗರಿಗೂ ಅವರಿಗೂ ಆಯ್ಕೆಯಲ್ಲಿ ಅಂತರ ಉಳಿಯಲಿಲ್ಲ. ಹುಡುಗಿಯರ ವಿಷಯದಲ್ಲಿ ಮೊದಲೇ ಅಂತರ ಇರಲಿಲ್ಲವಾದ್ದರಿಂದ ಬದಲಾವಣೆಯೂ ಆಗಲಿಲ್ಲ. ಒಂದು ಎಚ್ಚರಿಕೆ: ಅಲ್ಲಿ ಸಲಹೆ ಕೊಟ್ಟವರು ತರಬೇತಾದ ಮನಶ್ಶಾಸ್ತ್ರಜ್ಞರು, ವಿದ್ಯಾರ್ಥಿಗಳಲ್ಲ. ಫಲಿತಾಂಶವನ್ನು ಹಾಗೇ ಎತ್ತಿ ಕೊರಿಯಾಕ್ಕೆ ಹಚ್ಚುವಂತಿಲ್ಲ. ಕವಲಿನ ಮುನ್ನ ಸಿಗುವ ನೆರವಿನ ಬೆಲೆಯನ್ನು ಮಾತ್ರ ಅದು ತೋರಿಸುತ್ತದೆ.

ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ 2024ರ ರಾಷ್ಟ್ರೀಯ ಸಮೀಕ್ಷೆಯಲ್ಲೇ ಇದೆ. ಅದರ ಪ್ರಕಾರ ಈ ಕುಟುಂಬಗಳ ಮಕ್ಕಳ ಉನ್ನತ ಶಿಕ್ಷಣದ ದಾಖಲಾತಿ ಶೇ. 61.9ಕ್ಕೆ ಏರಿದೆ, ಇಡೀ ದೇಶದ್ದು ಶೇ. 74.9. ಮೂರೇ ವರ್ಷದಲ್ಲಿ ಅಂತರ 31ರಿಂದ 13ಕ್ಕೆ ಇಳಿದಿದೆ. ಚಿಕ್ಕಂದಿನಲ್ಲಿ ಮೆಂಟರ್ ಸಿಕ್ಕವರು ಈಗ ದೊಡ್ಡವರಾಗಿದ್ದಾರೆ, ಫಲ ಬರುತ್ತಿದೆ ಎಂದು ಹೇಳಿಬಿಡಬಹುದು. ಹಾಗೆ ಹೇಳಲು ನನಗೆ ಧೈರ್ಯವಿಲ್ಲ. 2018ರಲ್ಲಿ ಇದೇ ಅಂಕಿ 49.6 ಇದ್ದದ್ದು 2021ಕ್ಕೆ 40.5ಕ್ಕೆ ಇಳಿದಿತ್ತು, ಆ ಇಳಿಕೆಯನ್ನು ಮೆಂಟರ್‌ಗಳ ತಲೆಗೆ ಯಾರೂ ಕಟ್ಟಲಿಲ್ಲ, ಏರಿಕೆಯನ್ನು ಮಾತ್ರ ಕಟ್ಟುವುದು ನ್ಯಾಯವಲ್ಲ. ಹದಿನೆಂಟು ದಾಟಿದವರ ಗುಂಪು ಇನ್ನೂ ಸಣ್ಣದು, ಅದರ ಒಳರಚನೆ ಸಮೀಕ್ಷೆಯಿಂದ ಸಮೀಕ್ಷೆಗೆ ಬದಲಾಗುತ್ತಿರುತ್ತದೆ. ಬೆಳೆದ ಮೇಲೆ ವಲಸೆ ಬಂದವರ ಪಾಲು ಹೆಚ್ಚಿದ್ದ ವರ್ಷ ಅಂಕಿ ತಗ್ಗಬಹುದು, ಕೊರಿಯಾದಲ್ಲೇ ಹುಟ್ಟಿದವರು ಹೆಚ್ಚಾದಾಗ ಏರಬಹುದು. 13 ಅಂಶಗಳ ಅಂತರ ಉಳಿದಿದ್ದರೂ ಅದು ಉಳಿದಿರುವುದು ಅದೇ ಹದಿನೆಂಟರಲ್ಲಿ, ಕೆಳಗಿನ ತರಗತಿಗಳಲ್ಲಲ್ಲ.

ಇದನ್ನು ಬಿಡಿಸಲು ಬೇಕಾದ ಸಾಧನ ಕೊರಿಯಾದಲ್ಲೇ ಇದೆ. ರಾಷ್ಟ್ರೀಯ ಯುವಜನ ನೀತಿ ಸಂಸ್ಥೆ 2011ರಿಂದ ಬಹುಸಂಸ್ಕೃತಿ ಹದಿಹರೆಯದವರ ಸರಣಿ ಅಧ್ಯಯನ ನಡೆಸುತ್ತಿದೆ. ಆ ವರ್ಷ ನಾಲ್ಕನೆಯ ತರಗತಿಯಲ್ಲಿದ್ದ ಸುಮಾರು 1,600 ಮಕ್ಕಳನ್ನು ವರ್ಷವರ್ಷವೂ ಅದು ಮಾತಾಡಿಸುತ್ತಾ ಬಂದಿದೆ. 2019ರಲ್ಲಿ ಮತ್ತೊಂದು ನಾಲ್ಕನೆಯ ತರಗತಿಯ ಗುಂಪನ್ನು ಸೇರಿಸಿಕೊಂಡಿದೆ. ಇನ್ನೊಂದು ಕಡೆ ಮೆಂಟರ್‌ಗಳ ಗಂಟೆಗಳ ಪಟ್ಟಿ ವಿದ್ಯಾರ್ಥಿ ನೆರವು ಪ್ರತಿಷ್ಠಾನದ ಕಡತದಲ್ಲಿದೆ. ಇವೆರಡನ್ನು ಪೋಷಕರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಜೋಡಿಸಿದರೆ ಸಾಕು. ಒಟ್ಟು ಗಂಟೆಯನ್ನು ಬದಿಗಿಟ್ಟು, ಅದೇ ಮೆಂಟರ್ ಎಷ್ಟು ಸೆಮಿಸ್ಟರ್ ಉಳಿದಳು, ಯಾವ ತರಗತಿಯಲ್ಲಿ ಸಿಕ್ಕಳು, ಹದಿನೈದರ ಆಯ್ಕೆಯ ಹೊತ್ತಿಗೆ ಜೊತೆಗಿದ್ದಳೇ ಎಂದು ಕೇಳಬಹುದು. 2019ರ ಗುಂಪಿನ ಹೈಸ್ಕೂಲ್ ಆಯ್ಕೆ 2024ರಲ್ಲಿ ಮುಗಿದಿದೆ. ಅವರ ಸುಸಿ ಅರ್ಜಿಗಳು 2027ರ ಸೆಪ್ಟೆಂಬರಿನಲ್ಲಿ, ಸುನಂಗ್ ಪರೀಕ್ಷೆ ನವೆಂಬರಿನಲ್ಲಿ. ಜೋಡಣೆಯ ಕೆಲಸ ಅದಕ್ಕೆ ಮೊದಲೇ ಶುರುವಾಗಬೇಕು. ಮಕ್ಕಳು ಹೈಸ್ಕೂಲ್ ಮುಗಿಸಿ ಚದುರಿದ ಮೇಲೆ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಸುಲಭವಲ್ಲ.